ಮಂಗಳೂರಲ್ಲಿ ಒಂದೇ ದಿನ, ಏನೇನು ನೋಡೋದು?

ಪ್ರಶ್ನೆ: ಅಪ್ಪ ಅಮ್ಮನ್ನ ಕರ್ಕೊಂಡು ಡಿಸೆಂಬರಲ್ಲಿ ಮಂಗಳೂರಿಗೆ ಹೋಗ್ತಿದೀವಿ, ಸಿಗೋದು ಒಂದೇ ದಿನ. ಬೀಚ್ ಬಿಟ್ಟು ಬೇರೆ ಏನಿದೆ? (ಓದುಗರು, ಹಾಸನ)

ಉತ್ತರ: ತುಂಬಾನೇ ಇದೆ! ಬೆಳಗ್ಗೆ ಕದ್ರಿ ಮಂಜುನಾಥ ದೇವಸ್ಥಾನಕ್ಕೆ ಹೋಗಿ, ಅಲ್ಲಿರೋ ಲೋಕೇಶ್ವರನ ಕಂಚಿನ ಮೂರ್ತಿನ ದಯವಿಟ್ಟು ಅವಸರದಲ್ಲಿ ನೋಡ್ಬೇಡಿ, ಕ್ರಿ.ಶ. 968ರ ಶಾಸನ ಇದೆ ಅದರ ಪೀಠದಲ್ಲಿ, ಆಳುಪ ರಾಜ ಕುಂದವರ್ಮನ ಕಾಲದ್ದು, ಅಷ್ಟು ಹಳೇ ಕೆಲಸ ಇಷ್ಟು ನಾಜೂಕಾಗಿ ಉಳ್ಕೊಂಡಿರೋದು ನೋಡಿದ್ರೆ ನನಗಂತೂ ಪ್ರತಿ ಸಲ ಮೈ ಜುಮ್ ಅನ್ನುತ್ತೆ. ಆಮೇಲೆ ಸೇಂಟ್ ಅಲೋಶಿಯಸ್ ಚಾಪೆಲ್. ಗೋಡೆ, ಚಾವಣಿ ಎಲ್ಲಾ ಕಡೆ ಇಟಲಿಯ ಆಂಟೋನಿಯೋ ಮೊಸ್ಕೇನಿ ಬಿಡಿಸಿದ ಚಿತ್ರಗಳು. ಅಪ್ಪ ಅಮ್ಮ ಬೆಂಚಲ್ಲಿ ಕೂತ್ಕೊಂಡೇ ನಿಧಾನವಾಗಿ ನೋಡ್ಬಹುದು.

ಮಧ್ಯಾಹ್ನ ನೀರ್ ದೋಸೆ, ಮೀನು ತಿನ್ನೋರಾದ್ರೆ ಬಂಗುಡೆ ಪುಳಿಮುಂಚಿ (ಹುಳಿ-ಖಾರದ ಮೀನು ಸಾರು). ಗಡ್‌ಬಡ್ ಐಸ್‌ಕ್ರೀಮ್ ಬಿಡ್ಲೇಬೇಡಿ.

ಸಂಜೆ ಸುಲ್ತಾನ್ ಬತ್ತೇರಿ. ಚಿಕ್ಕ ಕಾವಲು ಗೋಪುರ, ಹತ್ತು ನಿಮಿಷ ಸಾಕು, ಅಲ್ಲಿಂದ ದೋಣಿಲಿ ಗುರುಪುರ ನದಿ ದಾಟಿದ್ರೆ ತಣ್ಣೀರುಬಾವಿ ಬೀಚ್, ಪಣಂಬೂರಿಗಿಂತ ನನಗೆ ಇದೇ ಇಷ್ಟ ಯಾಕಂದ್ರೆ ಗಲಾಟೆ ಕಡಿಮೆ. ದೋಣಿ ಹತ್ತೋವಾಗ ಅಮ್ಮನ ಕೈ ಹಿಡ್ಕೊಳ್ಳಿ, ವಾಪಸ್ ಬರೋ ಕೊನೇ ದೋಣಿ ಎಷ್ಟೊತ್ತಿಗೆ ಅಂತ ಹೋಗೋವಾಗ್ಲೇ ಕೇಳ್ಕೊಳ್ಳಿ.