ಡೆಂಗ್ಯೂ ಜ್ವರ ಬಿಟ್ಟಿದೆ, ಪ್ಲೇಟ್‌ಲೆಟ್ ಮಾತ್ರ ಇಳಿಯುತ್ತಿದೆ. ಮೈಸೂರಿಗೆ ಹೋಗಿ ಪ್ಲೇಟ್‌ಲೆಟ್ ಹಾಕಿಸಬೇಕೇ, ಪಪ್ಪಾಯ ಎಲೆಯ ರಸ ಸಾಕೇ?

ತಂಗಿಗೆ ಇವತ್ತು ಐದನೇ ದಿನ, ಬೆಳಗ್ಗೆ ಜ್ವರ ಬಿಟ್ಟಿದೆ, ಪ್ಲೇಟ್‌ಲೆಟ್ 60 ಸಾವಿರ ಅಂತ ಬರೆದಿದ್ದೀರಿ. ‘ಜ್ವರ ಬಿಟ್ಟಿದೆ’ ಅನ್ನುವುದನ್ನು ಓದಿದ ಕೂಡಲೇ ನನ್ನ ಎದೆ ಧಸಕ್ಕೆಂದಿತು. 2024ರ ಜುಲೈನಲ್ಲಿ ನಾನು ಫೋನ್ ಮಾಡಿ ಅಕ್ಕನಿಗೆ ಹೇಳಿದ್ದೂ ಇದೇ ಮಾತು.

ನಮ್ಮದು ಗೋಣಿಕೊಪ್ಪದ ಹತ್ತಿರ ಸಣ್ಣ ಕಾಫಿ ತೋಟ. ಅಕ್ಕನ ಮಗ ನಮ್ಮಲ್ಲೇ ಇದ್ದುಕೊಂಡು ಪಿಯುಸಿ ಓದುತ್ತಿದ್ದ, 17 ವರ್ಷ. 103 ಡಿಗ್ರಿ ಜ್ವರ, ಕಣ್ಣಿನ ಹಿಂದೆ ನೋವು. ಎರಡನೇ ದಿನವೇ ಡೆಂಗ್ಯೂ ಪತ್ತೆಯ ಎನ್‌ಎಸ್-1 ಪರೀಕ್ಷೆ ಪಾಸಿಟಿವ್ ಬಂತು. ಡಾಕ್ಟರು ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ, ಚೆನ್ನಾಗಿ ನೀರು, ಓಆರ್‌ಎಸ್ ಕುಡಿಸಿ, ದಿನಾ ರಕ್ತ ಪರೀಕ್ಷೆ ಮಾಡಿಸಿ ಎಂದರು. ನಾನು ಪ್ರತಿದಿನದ ಪ್ಲೇಟ್‌ಲೆಟ್ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದೆ. 1,40,000. 95,000. 62,000. ಅದೇ ಕಾಗದದಲ್ಲಿ, ಕೆಲವೇ ಸಾಲು ಮೇಲೆ, ಪಿಸಿವಿ ಅಂತ ಒಂದು ಅಂಕಿ ಇತ್ತು, ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇಕಡಾ ಎಷ್ಟು ಎಂದು ಹೇಳುವಂಥದ್ದು: 41, 44, 48. ಅದನ್ನು ನಾನು ಒಂದು ದಿನವೂ ಓದಲಿಲ್ಲ.

ಐದನೇ ದಿನ ಬೆಳಗ್ಗೆ ಹಣೆ ಮುಟ್ಟಿದರೆ ತಣ್ಣಗಿತ್ತು. ಥರ್ಮಾಮೀಟರಿನಲ್ಲಿ 98.4. ನನಗೆ ಕಣ್ಣಲ್ಲಿ ನೀರೇ ಬಂತು. ರಕ್ತ ಪರೀಕ್ಷೆಗೆ ಹೋಗಲು ಹೇಳಿದ್ದ ಜೀಪು ಬೇಡವೆಂದೆ. ಸೋಮವಾರಪೇಟೆಯಿಂದ ಹೊರಡಲು ಸಿದ್ಧವಾಗಿದ್ದ ಅಕ್ಕನಿಗೆ, “ಜ್ವರ ಬಿಟ್ಟಿದೆ, ಈ ಮಳೆಯಲ್ಲಿ ನೀನು ಬರೋದು ಬೇಡ” ಎಂದೆ.

ತಪ್ಪು ಮಾಡಿದ್ದು ಅಲ್ಲೇ. ಅದೊಂದೇ ತಪ್ಪನ್ನು ಇಡೀ ದಿನ ಮಾಡುತ್ತಲೇ ಇದ್ದೆ. ಎರಡು ಚಮಚ ಗಂಜಿ ಕುಡಿದು ಮೂರು ಸಲ ವಾಂತಿ ಮಾಡಿದ. ಬಾಯಿ ಕಹಿಯಾಗಿರಬೇಕು ಎಂದುಕೊಂಡೆ. ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಅಂದ. ಖಾಲಿ ಹೊಟ್ಟೆಗೆ ಮಾತ್ರೆ ನುಂಗಿದ್ದಕ್ಕೆ ಎಂದೆ. ಮಧ್ಯಾಹ್ನವೆಲ್ಲ ಮಂಕಾಗಿ ಮಲಗಿದ್ದ. ಪಾಪ, ನಾಲ್ಕು ದಿನ ನಿದ್ದೆಯಿಲ್ಲ, ಮಲಗಲಿ ಎಂದು ಮಕ್ಕಳ ಬಾಯಿ ಮುಚ್ಚಿಸಿದೆ. ಪಾದ ತಣ್ಣಗಿತ್ತು, ಜುಲೈ ತಿಂಗಳ ಕೊಡಗಿನಲ್ಲಿ ಯಾರ ಪಾದ ಬೆಚ್ಚಗಿರುತ್ತದೆ ಎಂದು ಕಾಲುಚೀಲ ಹಾಕಿದೆ. ಬೆಳಗ್ಗೆಯಿಂದ ಮೂತ್ರಕ್ಕೆ ಹೋಗಿದ್ದಾನೆಯೇ ಎಂದು ಕೇಳಲೇ ಇಲ್ಲ. ಜ್ವರ ಇದ್ದಿದ್ದರೆ ಇದರಲ್ಲಿ ಒಂದಕ್ಕಾದರೂ ಹೆದರುತ್ತಿದ್ದೆ.

ಸಂಜೆ ನನ್ನ ಹೆಂಡತಿ ಅವನ ಕೈ ಹಿಡಿದು, “ರೀ, ಇದು ಚಳಿಗೆ ತಣ್ಣಗಾಗಿದ್ದಲ್ಲ, ಜಿಗುಟು ಬೆವರು” ಎಂದಳು. ಆಸ್ಪತ್ರೆಯಲ್ಲಿ ಬಿಪಿ 90/75. ಮೇಲಿನ, ಕೆಳಗಿನ ಅಂಕಿಗಳ ಅಂತರ 20ಕ್ಕೆ ಅಥವಾ ಅದಕ್ಕಿಂತ ಕೆಳಗೆ ಬಂತೆಂದರೆ ಅದು ಶಾಕ್, ಅಂದರೆ ಅಂಗಾಂಗಗಳಿಗೆ ರಕ್ತ ಸಾಲದ ಸ್ಥಿತಿ ಎಂದು ಆಗ ತಿಳಿಯಿತು. ಪಿಸಿವಿ 52. ರಕ್ತನಾಳಗಳಿಂದ ನೀರಿನಂಶ ಸೋರಿ ರಕ್ತ ಗಟ್ಟಿಯಾಗಿತ್ತು. ಡ್ರಿಪ್ ಹಾಕಿಕೊಂಡೇ ಆಂಬುಲೆನ್ಸ್ ತಿತಿಮತಿ, ಹುಣಸೂರು ದಾಟಿ ಮೈಸೂರಿಗೆ ಹೋಯಿತು. ನಾಲ್ಕು ದಿನ ಐಸಿಯು. ಪ್ಲೇಟ್‌ಲೆಟ್ 18 ಸಾವಿರಕ್ಕೆ ಇಳಿಯಿತು, ಆದರೂ ಒಂದು ಚೀಲ ಪ್ಲೇಟ್‌ಲೆಟ್ ಹಾಕಲಿಲ್ಲ. ರಕ್ತಸ್ರಾವ ಇರಲಿಲ್ಲ. ಅವನನ್ನು ಉಳಿಸಿದ್ದು ಗಂಟೆಗಂಟೆಗೆ ಲೆಕ್ಕ ಹಾಕಿ ಕೊಟ್ಟ ಡ್ರಿಪ್. ಐಸಿಯು ಬಾಗಿಲಲ್ಲಿ ಅಕ್ಕ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ, “ಬೇಡ ಅನ್ನದೇ ಇದ್ದಿದ್ರೆ ನಾನು ಬೆಳಗ್ಗೆನೇ ಬರ್ತಿದ್ದೆ ಅಲ್ವೇನೋ?” ಎಂದಳು.

ಹಾಗಾಗಿ ನೀವು ಕೇಳಿರುವ ಎರಡು ದಾರಿಯೂ ಸರಿಯಲ್ಲ ಎಂದೇ ಹೇಳುತ್ತೇನೆ. ಡೆಂಗ್ಯೂವಿನಲ್ಲಿ ಅಪಾಯದ ಹೊತ್ತು ಶುರುವಾಗುವುದೇ ಜ್ವರ ಇಳಿಯುವಾಗ, ಸಾಮಾನ್ಯವಾಗಿ 3ರಿಂದ 7ನೇ ದಿನದೊಳಗೆ. ಅದು 24ರಿಂದ 48 ಗಂಟೆ ಇರುತ್ತದೆ. ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ಮಂಕು ಅಥವಾ ಚಡಪಡಿಕೆ, ಪ್ಲೇಟ್‌ಲೆಟ್ ಇಳಿಯುತ್ತಾ ಪಿಸಿವಿ ಏರುವುದು: ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಇವನ್ನು ಎಚ್ಚರಿಕೆಯ ಲಕ್ಷಣಗಳೆಂದು ಪಟ್ಟಿ ಮಾಡಿದೆ. ತೀವ್ರ ಡೆಂಗ್ಯೂವಿಗೆ ಚಿಕಿತ್ಸೆ ಸಿಗದಿದ್ದರೆ 100ರಲ್ಲಿ 20ಕ್ಕೂ ಹೆಚ್ಚು ಜನ ಸಾಯಬಹುದು. ಸಮಯಕ್ಕೆ ಸರಿಯಾಗಿ ಸಿಕ್ಕರೆ ಒಬ್ಬರಿಗಿಂತ ಕಡಿಮೆ. ಆ ‘ಸಮಯ’ ಅನ್ನುವುದು ನಾನು ಮನೆಯಲ್ಲಿ ಕಳೆದ ಹನ್ನೆರಡು ಗಂಟೆ.

ಸಿಂಗಪುರ, ಮಲೇಷ್ಯಾದ ಆಸ್ಪತ್ರೆಗಳಲ್ಲಿ ನಡೆದು 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದಿದೆ. 20 ಸಾವಿರಕ್ಕೆ ಇಳಿದಿದ್ದರೂ ರಕ್ತಸ್ರಾವವಿಲ್ಲದ ವಯಸ್ಕರಿಗೆ ಮುಂಜಾಗ್ರತೆಯೆಂದು ಪ್ಲೇಟ್‌ಲೆಟ್ ಕೊಟ್ಟರೆ ರಕ್ತಸ್ರಾವ ತಪ್ಪಲಿಲ್ಲ, ಅಡ್ಡಪರಿಣಾಮವೇ ಹೆಚ್ಚಾಯಿತು. ಇನ್ನು ಪಪ್ಪಾಯ ಎಲೆಯ ರಸ. ನಾನೂ ಅರೆದು ಕುಡಿಸಿದ್ದೆ. ಅದರ ಕಹಿಗೆ ವಾಂತಿ ಬಂದರೆ ಅದು ರಸದ ವಾಂತಿಯೋ ರೋಗದ್ದೋ ಗೊತ್ತಾಗುವುದಿಲ್ಲ. ದಯವಿಟ್ಟು ಕೊಡಬೇಡಿ. ಮೈಸೂರೇ ಆಗಬೇಕೆಂದಿಲ್ಲ, ದಿನಕ್ಕೆ ಎರಡು ಮೂರು ಸಲ ಪಿಸಿವಿ ನೋಡಿ, ಅಳತೆಯಲ್ಲಿ ಡ್ರಿಪ್ ಕೊಡುವ ಹತ್ತಿರದ ಆಸ್ಪತ್ರೆ ಸಾಕು. ಅಳತೆ ಅನ್ನುವುದು ಮುಖ್ಯ: ಸೋರಿದ ನೀರು ಎರಡು ದಿನದ ಮೇಲೆ ರಕ್ತಕ್ಕೆ ವಾಪಸು ಬರುತ್ತದೆ, ಆಗ ಡ್ರಿಪ್ ಹೆಚ್ಚಾದರೆ ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ.

ಡೆಂಗ್ಯೂ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಸಲ ಬಂದವರಿಗೆ ಎರಡನೇ ಸಲ ಬೇರೆ ಬಗೆಯದು ಬಂದರೆ ತೀವ್ರವಾಗುವ ಸಂಭವ ಜಾಸ್ತಿ. ಆದ್ದರಿಂದ ಡೆಂಗ್ಯೂ ಹರಡುವ ಸೊಳ್ಳೆ ಬೆಳೆಯುವಂಥ ನಿಂತ ನೀರು ಮನೆಯ ಸುತ್ತ ಇದೆಯೇ ನೋಡಿ. ನಮ್ಮಲ್ಲಿ ಆಶಾ ಕಾರ್ಯಕರ್ತೆ ಟಾರ್ಚ್ ಬಿಟ್ಟು ತೋರಿಸಿದರು: ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಕಲಸಿ ಬಾಯಿ ಮೇಲಾಗಿ ಬಿಟ್ಟಿದ್ದ ನೀಲಿ ಡ್ರಮ್ಮಿನ ಮಳೆನೀರಲ್ಲಿ, ಬಿದ್ದ ಅಡಿಕೆ ಹಾಳೆಯ ಗುಳಿಯಲ್ಲಿ, ಸೊಳ್ಳೆಮರಿ ಹುಳಗಳು ಕೊಂಕಿ ಕೊಂಕಿ ಈಜುತ್ತಿದ್ದವು. ನೀರು ಚೆಲ್ಲಿದರೆ ಸಾಲದು, ಡ್ರಮ್ಮಿನ ಒಳಗೋಡೆಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ವಾರಕ್ಕೊಮ್ಮೆ ತೆಂಗಿನ ನಾರು ಹಾಕಿ ಉಜ್ಜಬೇಕು.

ಅದೆಲ್ಲ ಆಮೇಲೆ. ಈಗ ತಂಗಿಯನ್ನು ಎಬ್ಬಿಸಿ. ಹೊಟ್ಟೆ ನೋಯುತ್ತಿದೆಯಾ, ಕೊನೆಯ ಸಲ ಮೂತ್ರಕ್ಕೆ ಹೋಗಿದ್ದು ಎಷ್ಟು ಹೊತ್ತಿಗೆ, ಕೇಳಿ. ಕೈ ಮುಟ್ಟಿ ನೋಡಿ. ನೋವು ಇಲ್ಲವೆಂದರೂ ಇವತ್ತೇ ಪಿಸಿವಿ ಮಾಡಿಸಿ. ಹೋಗುವಾಗ ಮೊದಲ ದಿನದ ರಿಪೋರ್ಟನ್ನೂ ತೆಗೆದುಕೊಂಡು ಹೋಗಿ, ಏರಿದೆಯೋ ಇಲ್ಲವೋ ಗೊತ್ತಾಗುವುದು ಅದರ ಜೊತೆ ಇಟ್ಟು ನೋಡಿದಾಗಲೇ.