ಕರಿಯದೊಂದು, ಕಂದು ಬಣ್ಣದ್ದೊಂದು: ಚಿಪ್ಪಿಲ್ಲದ ಬಸವನಹುಳದಲ್ಲಿ ಯಾವ ಜಾತಿಗೆ ಯಾವ ಔಷಧ?

ಹೀಗಂತ ಕೇಳಿದ್ದೀರಿ. ದಾವಣಗೆರೆಯ ನಿಮ್ಮ ತಾರಸಿ ಕುಂಡಗಳಲ್ಲಿರೋದು ಬಹುಶಃ ಎರಡು ಜಾತಿಯಲ್ಲ, ಒಂದೇ. ಚನ್ನಗಿರಿ ಕಡೆ ನಮ್ಮ ಅಡಿಕೆ ಸಸಿಮಡಿಯಲ್ಲಿ ನಾನೂ ಹೀಗೇ ಬಣ್ಣ ನೋಡಿ ಲೆಕ್ಕ ಹಾಕಿದ್ದೆ. ಮಳೆ ಹಿಡಿದ ಮೇಲೆ ಬೆಳಗಾದರೆ ಎಳೆ ಎಲೆ ಕೆರೆದು ತಿಂದಿರೋದು, ಅದರ ಮೇಲೆ ಒಣಗಿದ ಲೋಳೆಯ ಹೊಳಪು. ಕಂದು ಹುಳಕ್ಕೆ ಅಂಗಡಿಯ ಕಾಳು ಔಷಧ ಸಾಕು, ಕರಿಯದು ಗಟ್ಟಿ ಪಿಂಡ, ಅದಕ್ಕೆ ಉಪ್ಪೇ ಸರಿ ಅಂತ ಪಾಕೆಟ್ (ಪ್ಲಾಸ್ಟಿಕ್ ಚೀಲ) ಸಸಿಗಳ ಬುಡದ ಸುತ್ತ ಕಲ್ಲುಪ್ಪು ಸುರಿದೆ.

ಇದನ್ನು ಬಿಡಿಸಿ ಹೇಳ್ತೀನಿ, ನೀವೂ ಉಪ್ಪಿನ ಡಬ್ಬಿ ಹಿಡ್ಕೊಂಡೇ ನಿಂತಿರ್ತೀರಿ. ಮೈಮೇಲೆ ಬಿದ್ದರೆ ಉಪ್ಪು ಹುಳದ ನೀರು ಹೀರಿ ಕೊಲ್ಲುತ್ತೆ, ನಿಜ. ಆದರೆ ಹುಳ ಹೊರಗೆ ಬರೋದೇ ತೇವ ಇದ್ದಾಗ. ತೇವಕ್ಕೆ ಉಪ್ಪು ಕರಗುತ್ತೆ, ಕರಗಿದ್ದು ಸೀದಾ ಬೇರಿಗೆ. ಹೊಲದಲ್ಲಾದರೆ ನಾಲ್ಕು ಮಳೆಗೆ ಆಳಕ್ಕೆ ಇಳಿದೀತು. ಅಂಗೈಯಗಲದ ಪಾಕೆಟ್‌ನಲ್ಲಿ ಅದು ಎಲ್ಲಿಗೆ ಹೋಗ್ಬೇಕು? ಮಣ್ಣು ಒದ್ದೆಯಾಗಿದ್ದರೂ ಬೇರಿಗೆ ನೀರು ಎಳೆಯೋಕಾಗಲ್ಲ. ಮೊದಲು ಎಲೆ ತುದಿ ಸುಟ್ಟಂಗಾಯ್ತು, ಆಮೇಲೆ ಸುಳಿಯೇ ಒಣಗಿತು. ಹುಳ ತಿಂದಿದ್ದಕ್ಕಿಂತ ನಾನು ಕೊಂದ ಸಸಿಗಳೇ ಜಾಸ್ತಿ. ಕುಂಡಕ್ಕೂ ಇದೇ ಗತಿ.

ಬಣ್ಣ ಬಿಡಿ, ರಾತ್ರಿ ಟಾರ್ಚ್ ಬಿಟ್ಟು ಬೆನ್ನು ನೋಡಿ. ತಲೆಯಿಂದ ಬಾಲದವರೆಗೆ ಒಂದೇ ಸಮ, ಚಪ್ಪಟೆ, ನಟ್ಟನಡುವೆ ತಿಳಿಬಣ್ಣದ ಗೆರೆ ಇದ್ದರೆ ಅದು ಆಫ್ರಿಕಾ ಮೂಲದ ಲೇವಿಕಾಲಿಸ್ ಆಲ್ಟೆ ಅನ್ನೋ ಜಾತಿ. ಬೆಳೆದದ್ದು 7-8 ಸೆಂ.ಮೀ. ಇರುತ್ತೆ. ಕಂದು, ಕಪ್ಪು ಎರಡೂ ಇದರಲ್ಲೇ ಸಿಗ್ತವೆ. ಬೆನ್ನಿನ ಮುಂಭಾಗಕ್ಕೆ ಮಾತ್ರ ಕಂಬಳಿ ಹೊದ್ದಂಥ ಪದರ, ಅದರ ಬಲ ಅಂಚಿನಲ್ಲಿ ತೆರೆದು ಮುಚ್ಚುವ ಉಸಿರಾಟದ ತೂತು ಕಂಡರೆ ಅದು ಬೇರೆ ಗುಂಪು.

ಗೊತ್ತಾಗಿ ಏನು ಮಾಡ್ತೀರಿ? ಅಂಗಡಿಯ ಆ ಕಾಳು ಔಷಧ, ಅಂದರೆ ಮೆಟಾಲ್ಡಿಹೈಡ್, ಎಲ್ಲಕ್ಕೂ ಒಂದೇ. ಅದನ್ನು ನಾಯಿ ತಿಂದರೆ ಪ್ರಾಣಕ್ಕೇ ಕುತ್ತು, ಮನೆ ತಾರಸಿಗೆ ನಾನಂತೂ ಹತ್ತಿಸಲ್ಲ. ಸಂಜೆ ಒದ್ದೆ ಗೋಣಿಚೀಲ ಹಾಸಿ, ಬೆಳಗ್ಗೆ ಎತ್ತಿ, ಅಡಿಯಲ್ಲಿ ಸೇರಿದ್ದನ್ನು ಆರಿಸಿ ಸೋಪಿನ ನೀರಿಗೆ ಹಾಕಿ. ಬರಿಗೈಲಿ ಮುಟ್ಟಬೇಡಿ, ಇಲಿಗಳಿಂದ ಬರುವ, ಮನುಷ್ಯರ ಮಿದುಳಿಗೂ ತೊಂದರೆ ಕೊಡುವ ಜಂತು ಇವುಗಳ ಮೈಯಲ್ಲಿರಬಹುದು.

ಗುರುತು ಹಿಡಿಯಲೇಬೇಕಾದ್ದು ಇನ್ನೊಂದಿದೆ, ಅದು ಬಸವನಹುಳವೇ ಅಲ್ಲ. ಕೊಂಬಿಲ್ಲ, ತಲೆ ಅರ್ಧಚಂದ್ರದ ಹಾಗೆ ಅಗಲ, ಮೈ ಉದ್ದಕ್ಕೆ ತೆಳ್ಳಗೆ. ಈ ಚಪ್ಪಟೆಹುಳ ಗಿಡ ಮುಟ್ಟಲ್ಲ, ಎರೆಹುಳ ತಿನ್ನುತ್ತೆ. ಎರೆಗೊಬ್ಬರದ ತೊಟ್ಟಿ ಇಟ್ಟಿದ್ದರೆ ಮೊದಲು ಈ ಚಪ್ಪಟೆಹುಳವನ್ನು ಹುಡುಕಿ ತೆಗೀರಿ.