ಅಡಿಕೆ ಕಳುವಾದಾಗ ಬರೀ ಅರ್ಜಿ ಕೊಟ್ಟು ಬಂದರೆ ಸಾಕಾ?

ಕಳ್ಳ ಯಾರು ಅಂತ ಗೊತ್ತಿಲ್ಲ, ಅದಕ್ಕೇ ಎಫ್‌ಐಆರ್ ಬೇಡ ಅಂದುಕೊಂಡು ಠಾಣೆಗೆ ಅರ್ಜಿ ಕೊಟ್ಟು ಬಂದೆ, ಸಾಕಲ್ವಾ ಅಂತ ಕೇಳಿದ್ದೀರಿ. ಸಾಕಾಗಲ್ಲ. ನಾನೂ ಹೀಗೇ ಬಂದಿದ್ದೆ.

ನಮ್ಮದು ತೀರ್ಥಹಳ್ಳಿ ಕಡೆಯ ಊರು. ಅಡಿಕೆ ಕೊನೆ (ಗೊಂಚಲು) ಕೊಯ್ಲು ಮುಗಿಸಿ, ಬೇಯಿಸಿ ಒಣಗಿಸಿದ ಅಡಿಕೆಯನ್ನು ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಮೂಟೆ ಕಟ್ಟಿ ಬೀಗ ಹಾಕಿದ್ದೆವು. ನೆಂಟರ ಮನೆಯ ಮದುವೆಗೆ ಹೋಗಿ ಬೆಳಿಗ್ಗೆ ಬಂದರೆ ಬೀಗ ಮುರಿದಿತ್ತು, ನಾಲ್ಕು ಮೂಟೆ ಇರಲಿಲ್ಲ. ವರ್ಷದ ದುಡಿಮೆ. ಗಾಬರಿಯಲ್ಲಿ ಠಾಣೆಗೆ ಹೋಗಿ ಬರೆದುಕೊಟ್ಟಿದ್ದು ಇಷ್ಟೇ: ‘ಮನೆಯಿಂದ ಅಡಿಕೆ ಕಳುವಾಗಿದೆ, ಪತ್ತೆ ಮಾಡಿಕೊಡಿ.’

ನನ್ನನ್ನು ಮುಳುಗಿಸಿದ್ದು ಆ ಒಂದು ಸಾಲು. ಎಷ್ಟು ತೂಕ ಅಂತ ಬರೆಯಲಿಲ್ಲ. ಬೆಲೆ ಬರೆಯಲಿಲ್ಲ. ಬೀಗ ಮುರಿದಿದ್ದು, ರಾತ್ರಿ ನಡೆದಿದ್ದು, ಮಾಲು ಕೋಣೆಯೊಳಗೆ ಇದ್ದಿದ್ದು, ಯಾವುದೂ ಅದರಲ್ಲಿಲ್ಲ. ಇವು ಸುಮ್ನೆ ವಿವರಗಳಲ್ಲ, ಅಪರಾಧ ಯಾವುದು ಅಂತ ತೀರ್ಮಾನಿಸುವುದೇ ಇವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಾಮಾನ್ಯ ಕಳವಿಗೆ 303ನೇ ಕಲಂ, ಮೂರು ವರ್ಷದವರೆಗೆ ಜೈಲು. ಮನೆಯಿಂದ ಅಥವಾ ಮಾಲು ಇಡುವ ಕಟ್ಟಡದೊಳಗಿಂದ ಕದ್ದರೆ 305, ಏಳು ವರ್ಷದವರೆಗೆ. ಕದಿಯಲೆಂದೇ ರಾತ್ರಿ ಬೀಗ ಮುರಿದು ನುಗ್ಗಿದರೆ 331, ಹದಿನಾಲ್ಕು ವರ್ಷದವರೆಗೂ ಹೋಗಬಹುದು. ಅದೇ ಸಾಮಾನ್ಯ ಕಳವಿನಲ್ಲಿ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ, ಕದ್ದವನಿಗೆ ಮೊದಲ ಶಿಕ್ಷೆ, ಮಾಲು ವಾಪಸ್ ಕೊಟ್ಟ ಅಂದರೆ ಬರೀ ಸಮುದಾಯ ಸೇವೆ. ಅಂಥ ಸಣ್ಣ ಕಳವನ್ನು ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತೆಯೇ ಇಲ್ಲ. ಬೆಲೆ, ಜಾಗ ಎರಡೂ ಇಲ್ಲದ ನನ್ನ ಕಾಗದ ಅರ್ಜಿಗಳ ಪುಸ್ತಕ ಸೇರಿತು. ಸ್ವೀಕೃತಿ ಚೀಟಿಯನ್ನೇ ಎಫ್‌ಐಆರ್ ಅಂದುಕೊಂಡೆ.

ಆಮೇಲೆ ಒಬ್ಬ ನಮ್ಮದೇ ಗುರುತಿನ ಚೀಲ ಮಾರಲು ತಂದಿದ್ದಾನೆ ಅಂತ ಪರಿಚಯದವರು ಫೋನ್ ಮಾಡಿದರು. ಠಾಣೆಗೆ ಓಡಿದೆ. ‘ಯಾವ ಕೇಸಿನಲ್ಲಿ ಜಪ್ತಿ ಮಾಡೋದು?’ ಅಂದರು. ಎಫ್‌ಐಆರ್ ಆದರೆ ಸಿಗುವ ಕ್ರೈಂ ನಂಬರ್ ನನ್ನ ಹತ್ತಿರ ಇರಲಿಲ್ಲ. ಮಾಲು ಕೈಬಿಟ್ಟು ಹೋಯಿತು.

ಕಳ್ಳನ ಹೆಸರು ಬೇಕು ಅಂತ ನಿಮಗೆ ಯಾರು ಹೇಳಿದರೋ, ಅದು ತಪ್ಪು. ‘ಅಪರಿಚಿತರು’ ಅಂತಲೇ ಎಫ್‌ಐಆರ್ ಆಗುತ್ತೆ. ಅರ್ಜಿಯೋ ಎಫ್‌ಐಆರೋ ಅನ್ನೋದು ನಿಮ್ಮ ಆಯ್ಕೆಯೂ ಅಲ್ಲ, ಠಾಣೆಯವರದ್ದೂ ಅಲ್ಲ. ದೂರಿನಲ್ಲೇ ಸಂಜ್ಞೇಯ ಅಪರಾಧ (ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆಯೇ ಪೊಲೀಸರು ತನಿಖೆ ಮಾಡಬಹುದಾದದ್ದು) ಕಾಣುತ್ತಿದ್ದರೆ ದಾಖಲಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ.

ನಾಳೆಯೇ ಇನ್ನೊಂದು ದೂರು ಬರೆಯಿರಿ. ಅಡಿಕೆ ಎಲ್ಲಿಟ್ಟಿದ್ದಿರಿ, ಎಷ್ಟು ತೂಕ, ಅವತ್ತಿನ ಮಾರುಕಟ್ಟೆ ದರದಲ್ಲಿ ಎಷ್ಟು ರೂಪಾಯಿ, ಕೊನೆಯ ಸಲ ಯಾವಾಗ ನೋಡಿದಿರಿ, ಚೀಲದ ಮೇಲೆ ಏನು ಗುರುತಿತ್ತು, ಎಲ್ಲಾ ಇರಲಿ. (ಮರದಿಂದಲೇ ಕೊನೆ ಇಳಿಸಿಕೊಂಡು ಹೋದರೂ ಅದು ಕಳವೇ. ತೋಟದ್ದು ಅಂತ ಬಿಡಬೇಡಿ.) ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ಇಸಕೊಳ್ಳಿ. ದಾಖಲಿಸಲ್ಲ ಅಂದರೆ ಅದೇ ದೂರನ್ನು ನಿಮ್ಮ ಜಿಲ್ಲೆಯ ಎಸ್‌ಪಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ವಕೀಲರನ್ನು ಹಿಡಿದು ಮ್ಯಾಜಿಸ್ಟ್ರೇಟ್ ಮುಂದೆ ಹೋಗಿ.